ಈಗಿನ ಹಾಡೂ ಒಂದು ಹಾಡೇನ್ರೀ?

ಅಕ್ಟೋಬರ್ ಮೂರನೇ ವಾರ, ಸಂಜೆ ಐದೂವರೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ರಾಜ್ಯೋತ್ಸವದ ಕಮಿಟಿ ಕೂತಿತ್ತು. ಕಮಿಟಿ ಅಂದ್ರೆ ದೊಡ್ಡದೇನಲ್ಲ. ಐದು ಜನ, ಎರಡು ಪ್ಲೇಟ್ ಬೋಂಡ, ಒಂದು ಎಕ್ಸೆಲ್ ಶೀಟು. ಐವರಲ್ಲಿ ನಾನೇ ಹಿರಿಯ, ನನಗೆ ನಲವತ್ತೆರಡು. ಹಾಗಾಗಿ ಹಾಡುಗಳ ಪಟ್ಟಿ ಫೈನಲ್ ಮಾಡುವ ಜವಾಬ್ದಾರಿ ನನ್ನ ತಲೆಗೆ ಬಿದ್ದಿತ್ತು.

ಹುಡುಗರು ಆರು ಹಾಡು ಕೊಟ್ಟಿದ್ರು. ಒಂದು 'ಟಗರು' ಸಿನಿಮಾದ್ದು, ಎರಡು 'ಸಪ್ತ ಸಾಗರದಾಚೆ ಎಲ್ಲೋ'ದವು, ಎರಡು ರ‍್ಯಾಪ್, ಇನ್ನೊಂದು ಯೂಟ್ಯೂಬಿನಲ್ಲಿ ಓಡುತ್ತಿರುವ ಉತ್ತರ ಕರ್ನಾಟಕದ ಜನಪದ. ನಾನು ಆರಕ್ಕೂ ಕೆಂಪು ಬಣ್ಣ ಬಳಿದೆ. "ರಾಜ್ಯೋತ್ಸವಕ್ಕೆ ಇದನ್ನೆಲ್ಲ ಹಾಡ್ತಾರೇನ್ರಪ್ಪಾ? ಸ್ವಲ್ಪ ಸ್ಟ್ಯಾಂಡರ್ಡ್ ಇರಲಿ. ಈಗಿನ ಹಾಡೂ ಒಂದು ಹಾಡೇನ್ರೀ?" ಅಂದೆ. ಮೂವರು ಸುಮ್ಮನಾದ್ರು. ವಿಜಯಪುರದಿಂದ ಬಂದು ಸೇರಿ ಒಂದು ವರ್ಷವೂ ಆಗದ ಹುಡುಗಿ ಮಾತ್ರ ಬೋಂಡ ಕೆಳಗಿಟ್ಟು ಕೇಳಿದಳು: "ಸರ್, ನೀವು ಈ ಹಾಡು ಕೇಳೀರೇನ್ರಿ?"

ಕೇಳಿರಲಿಲ್ಲ. ಆರರಲ್ಲಿ ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಒಂದು ಹಾಡಿನ ಇಪ್ಪತ್ತು ಸೆಕೆಂಡು ಮಗಳ ಫೋನಿನಿಂದ ಕಿವಿಗೆ ಬಿದ್ದಿತ್ತು, ಅಷ್ಟೇ.

ನನಗೆ ಮುಜುಗರವಾಗಿದ್ದು ಅದಕ್ಕಲ್ಲ. ಆ ವಾಕ್ಯ ನನ್ನದೇ ಅಲ್ಲ ಅನ್ನೋದು ಅದೇ ಕ್ಷಣ ಹೊಳೀತು. ಅದು ನಮ್ಮಪ್ಪನ ವಾಕ್ಯ. 1988ರಲ್ಲಿ, ಆನೇಕಲ್ಲಿನ ನಮ್ಮ ಮನೆಯ ನಡುಮನೆಯಲ್ಲಿ ಅಪ್ಪ ಅಕ್ಕನಿಗೆ ಹೇಳಿದ ಮಾತು. ರಾಗ ಕೂಡ ಅದೇ.

ಅಕ್ಕ ಆಗ ಹೈಸ್ಕೂಲು ಮುಗಿಸೋ ಹುಡುಗಿ. ಎರಡು ತಿಂಗಳು ದುಡ್ಡು ಕೂಡಿಟ್ಟು 'ಪ್ರೇಮಲೋಕ'ದ ಕ್ಯಾಸೆಟ್ ತಂದಿದ್ದಳು. ಮನೆಯಲ್ಲಿ ಒಂದು ಟೂ-ಇನ್-ವನ್ ಇತ್ತು. ಬೆಳಿಗ್ಗೆ ಪ್ರೇಮಲೋಕ, ಸ್ಕೂಲಿಂದ ಬಂದ ಮೇಲೆ ಪ್ರೇಮಲೋಕ, ಊಟದ ಹೊತ್ತಿಗೆ ಪ್ರೇಮಲೋಕ. ಅಪ್ಪ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದು ಮಲಗಿದರೆ ಗೋಡೆಯಾಚೆಯಿಂದಲೂ ಅದೇ. ಒಂದು ಭಾನುವಾರ ಅವರು ಕ್ಯಾಸೆಟ್ ತಗೊಂಡ್ರು, ಮೇಲ್ಗಡೆಯ ಕಿಂಡಿಗೆ ಕಾಗದದ ಚೂರು ತುರುಕಿದ್ರು (ಹಾಗೆ ಮಾಡಿದರೆ ಕಂಪನಿ ಕ್ಯಾಸೆಟ್ಟಿನ ಮೇಲೂ ರೆಕಾರ್ಡ್ ಮಾಡಬಹುದು, ಇದು ಕಿರಿಯ ಓದುಗರ ಗಮನಕ್ಕೆ), ರೇಡಿಯೊದಲ್ಲಿ ಬರುತ್ತಿದ್ದ ಹಳೆಯ ಹಾಡುಗಳನ್ನ ಅದರ ಮೇಲೆ ತುಂಬಿಸಿಬಿಟ್ರು. ಅಕ್ಕ ಒಂದು ವಾರ ಅವರ ಜೊತೆ ಮಾತಾಡಲಿಲ್ಲ.

ಆದರೆ ರೇಡಿಯೊ ಕಾರ್ಯಕ್ರಮ ಕ್ಯಾಸೆಟ್ಟಿಗಿಂತ ಮುಂಚೆಯೇ ಮುಗಿದಿತ್ತು. ಹಾಗಾಗಿ ಬಿ ಸೈಡಿನ ಕೊನೆಯಲ್ಲಿ ಪಿ.ಬಿ. ಶ್ರೀನಿವಾಸರ ದನಿ ಥಟ್ಟನೆ ನಿಂತು, 'ಟಕ್' ಅನ್ನೋ ಸದ್ದಾಗಿ, ಪ್ರೇಮಲೋಕದ ಒಂದು ಹಾಡಿನ ದ್ವಿತೀಯಾರ್ಧ ಶುರುವಾಗೋದು. ಐದು ವರ್ಷದವನಾಗಿದ್ದ ನಾನು ಆ ಕ್ಯಾಸೆಟ್ ಕೇಳಿಕೊಂಡೇ ಬೆಳೆದೆ. ಅವೆರಡೂ ಒಂದೇ ಹಾಡು ಅಂತ ಬಹಳ ದಿನ ಅಂದುಕೊಂಡಿದ್ದೆ.

ಈಗ ಸ್ವಲ್ಪ ಲೆಕ್ಕ. ಅಪ್ಪ ಹುಟ್ಟಿದ್ದು 1947ರಲ್ಲಿ. ಅವರಿಗೆ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ ಬಂದ ಸಿನಿಮಾಗಳು ನೋಡಿ: 1971ರಲ್ಲಿ 'ಕಸ್ತೂರಿ ನಿವಾಸ', 1972ರಲ್ಲಿ 'ಬಂಗಾರದ ಮನುಷ್ಯ' ಮತ್ತು 'ನಾಗರಹಾವು', 1973ರಲ್ಲಿ 'ಗಂಧದ ಗುಡಿ'. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ. ಅಪ್ಪನ ಪ್ರಕಾರ ಕನ್ನಡ ಚಿತ್ರಗೀತೆಯ ಸುವರ್ಣಯುಗ ಅಂದ್ರೆ ಇದೇ. ಅಕ್ಕ 1972ರವಳು, ಪ್ರೇಮಲೋಕ ಬಂದಾಗ ಹದಿನೈದು. ಅವಳ ಸುವರ್ಣಯುಗ ಹಂಸಲೇಖ. ನಾನು 1983. 'ಮುಂಗಾರು ಮಳೆ' ಬಿಡುಗಡೆಯಾದ 2006ರ ಡಿಸೆಂಬರ್ 29ಕ್ಕೆ ನನಗೆ ಇಪ್ಪತ್ತಮೂರು, ಹೊಸ ಕೆಲಸ, ಹೊಸ ಫೋನು, ಮಿಕ್ಕಿದ್ದು ಹೇಳೋದು ಬೇಡ. ಕನ್ನಡ ಹಾಡು ಆಮೇಲೆ ಹಾಳಾಯ್ತು ಅನ್ನೋದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಒಂದೇ ಮನೆಯಲ್ಲಿ ಮೂರು ಸುವರ್ಣಯುಗ, ಮೂರು ಅವನತಿ.

ಇದನ್ನ ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮೋರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಷಿಂಡ್ಲರ್ ಎಂಬ ಇಬ್ಬರು 1989ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬೇರೆ ಬೇರೆ ವಯಸ್ಸಿನ 108 ಜನರಿಗೆ ಬೇರೆ ಬೇರೆ ಕಾಲದ 28 ಹಾಡಿನ ತುಣುಕು ಕೇಳಿಸಿ, ಎಷ್ಟು ಇಷ್ಟವಾಯ್ತು ಅಂತ ಅಂಕ ಕೊಡಿಸಿದರು. ಸರಾಸರಿ ತೆಗೆದಾಗ, ಜನಕ್ಕೆ ಅತಿ ಹೆಚ್ಚು ಇಷ್ಟವಾದದ್ದು ಅವರಿಗೆ ಹೆಚ್ಚೂಕಡಿಮೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳು. ಆಮೇಲೆ ಸ್ಪಾಟಿಫೈ ಬಂದು ಕೋಟಿಗಟ್ಟಲೆ ಜನ ಏನು ಕೇಳ್ತಾರೆ ಅನ್ನೋ ಲೆಕ್ಕ ಸಿಕ್ಕಿದ ಮೇಲೆ, ಸೇತ್ ಸ್ಟೀಫನ್ಸ್-ಡೇವಿಡೊವಿಟ್ಸ್ 2018ರಲ್ಲಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಆ ವಯಸ್ಸನ್ನ ಇನ್ನೂ ಕೆಳಗಿಳಿಸಿದ: ಹದಿಮೂರು, ಹದಿನಾಲ್ಕು. ಅಂದರೆ ನನ್ನ ಮಗಳ ಈಗಿನ ವಯಸ್ಸು. ಅವಳ ಸುವರ್ಣಯುಗ ಈಗ ನಮ್ಮ ಮನೆಯಲ್ಲಿ ಇಯರ್‌ಫೋನಿನೊಳಗೆ ನಡೀತಾ ಇದೆ, ನನಗೆ ಗೊತ್ತಿಲ್ಲ.

ಇಷ್ಟಕ್ಕೇ ನಿಲ್ಲಿಸಿ, "ಎಲ್ಲಾ ವಯಸ್ಸಿನ ಆಟ ಬಿಡಿ" ಅಂದುಬಿಡಬಹುದು. ನನಗೆ ಅದು ಅರ್ಧ ಉತ್ತರ ಅನ್ಸುತ್ತೆ. ಯಾಕೆಂದರೆ ಈ ಗೊಣಗಾಟಕ್ಕೆ ಬರೀ ಮನೆಯ ಇತಿಹಾಸವಲ್ಲ, ಸರ್ಕಾರದ ಇತಿಹಾಸವೂ ಇದೆ.

ನಮ್ಮ ತಾತನಿಂದ ಶುರು ಮಾಡ್ತೀನಿ. ತಾತ ಊರ ಕಡೆಯ ಪೌರಾಣಿಕ ನಾಟಕಗಳಲ್ಲಿ ಪಾತ್ರ ಕಟ್ಟುತ್ತಿದ್ದವರು. ಆನೇಕಲ್ ಸುತ್ತಮುತ್ತ ಈಗಲೂ 'ಕುರುಕ್ಷೇತ್ರ' ಆಡ್ತಾರೆ, ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ, ಬೆಳಗಿನ ಜಾವದವರೆಗೂ ಕಂದ, ವೃತ್ತ. ತಾತನಿಗೆ ಸಿನಿಮಾ ಹಾಡು ಅಂದ್ರೆ ಅಸಡ್ಡೆ. "ಮೂರು ನಿಮಿಷಕ್ಕೆ ಮುಗಿಯೋದು ಹಾಡೇನ್ಲಾ? ನಮ್ಮ ದುರ್ಯೋಧನ ಸ್ಟೇಜಿಗೆ ಬರೋದಕ್ಕೇ ಅರ್ಧ ಗಂಟೆ ತಗೋತಾನೆ" ಅನ್ನೋರು. ಅವರು ಬೈಯುತ್ತಿದ್ದದ್ದು ಯಾವ ಹಾಡುಗಳನ್ನ ಗೊತ್ತಾ? ಅಪ್ಪ ರೆಕಾರ್ಡ್ ಮಾಡಿಟ್ಟುಕೊಂಡ ಅದೇ ಹಾಡುಗಳನ್ನ.

ತಮಾಷೆ ಅಂದ್ರೆ ಮೊದಲ ಕನ್ನಡ ಟಾಕಿ, 1934ರ 'ಸತಿ ಸುಲೋಚನ', ನಾಟಕದವರೇ ಮಾಡಿದ ಸಿನಿಮಾ. ಸಂಗೀತ ಆರ್. ನಾಗೇಂದ್ರರಾಯರದ್ದು, ಅವರೂ ರಂಗಭೂಮಿಯವರೇ. ತಾತನ ಹಾರ್ಮೋನಿಯಂ ಕೂಡ ಅಂಥ ಶುದ್ಧ ವಂಶದ್ದೇನಲ್ಲ, ಯುರೋಪಿನಿಂದ ಬಂದ ಪೆಟ್ಟಿಗೆ. ಶಾಸ್ತ್ರೀಯ ಸಂಗೀತದ ಮಡಿವಂತರಿಗೆ ಅದನ್ನ ಕಂಡರಾಗದು. 1940ರಿಂದ ಸುಮಾರು ಮೂರು ದಶಕ ಆಲ್ ಇಂಡಿಯಾ ರೇಡಿಯೊದಲ್ಲಿ ಅದಕ್ಕೆ ನಿಷೇಧವಿತ್ತು. ತಾತನಿಗೆ ಅಭಿಜಾತವಾಗಿದ್ದದ್ದು ರೇಡಿಯೊಗೆ ಅಪಸ್ವರ.

ರೇಡಿಯೊ ವಿಷಯ ಬಂತು, ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಕೇಂದ್ರ ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಜನರ ಮನಸ್ಸು ಓದುವ ಮೇಷ್ಟ್ರು ಶುರು ಮಾಡಿದ ಹೆಸರನ್ನ ಕೊನೆಗೆ ಇಡೀ ದೇಶದ ರೇಡಿಯೊ ಹೊತ್ತುಕೊಂಡಿತು. ಆದರೆ 1952ರಲ್ಲಿ ಆ ಖಾತೆಗೆ ಬಂದ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಜನರ ಮನಸ್ಸನ್ನ ಓದೋದಕ್ಕಿಂತ ತಿದ್ದೋದರಲ್ಲಿ ಆಸಕ್ತಿ. ಸಿನಿಮಾ ಹಾಡು ಕೀಳು ಅಭಿರುಚಿ, ಪಾಶ್ಚಾತ್ಯದ ನಕಲು, ದೇಶದ ಸಂಗೀತ ಅವನತಿಗೆ ಹೋಗ್ತಾ ಇದೆ ಅನ್ನೋದು ಅವರ ನಿಲುವು. ರೇಡಿಯೊದಲ್ಲಿ ಸಿನಿಮಾ ಹಾಡುಗಳ ಪಾಲು ಕಡಿಮೆಯಾಯಿತು, ನಿರ್ಮಾಪಕರ ಜೊತೆ ಜಗಳವಾಯಿತು, ಹೆಚ್ಚೂಕಡಿಮೆ ಹಾಡುಗಳೇ ನಿಂತು ಹೋದವು.

ಜನ ಏನು ಮಾಡಿದ್ರು? ಶಾಸ್ತ್ರೀಯ ಸಂಗೀತ ಕೇಳ್ತಾ ಕೂತ್ರಾ? ರೇಡಿಯೊದ ಮುಳ್ಳು ತಿರುಗಿಸಿ ಸಿಲೋನ್ ಹಿಡಿದ್ರು. ಅದೇ 1952ರ ಕೊನೆಯಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು, ದೇಶಕ್ಕೆ ದೇಶವೇ ಪಕ್ಕದ ದ್ವೀಪದ ಸ್ಟೇಷನ್ನಿಗೆ ವಲಸೆ ಹೋಯಿತು. ಸರ್ಕಾರ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೀತು. ಕೇಸ್ಕರ್ ಕೀಳು ಅಂದ ಐವತ್ತರ ದಶಕದ ಆ ಹಿಂದಿ ಹಾಡುಗಳನ್ನೇ ಇವತ್ತು ಎಲ್ಲರೂ ಸುವರ್ಣಯುಗ ಅಂತಾರೆ. ಎಕ್ಸೆಲ್ ಶೀಟಿಗೆ ಕೆಂಪು ಬಳಿಯುವಾಗ ನಾನೊಬ್ಬ ಪುಟ್ಟ ಕೇಸ್ಕರ್ ಆಗಿದ್ದೆ. ವ್ಯತ್ಯಾಸ ಇಷ್ಟೇ, ಅವರಿಗೆ ಸಂಗೀತ ಗೊತ್ತಿತ್ತು.

ಹೊರಗಿನ ಪ್ರಪಂಚದಲ್ಲೂ ಇದೇ ಕತೆ. 1957ರಲ್ಲಿ ಫ್ರ್ಯಾಂಕ್ ಸಿನಾತ್ರಾ ರಾಕ್ ಆಂಡ್ ರೋಲ್ ಮೇಲೆ ಕೆಂಡ ಕಾರಿದ್ದ. 1960ರಲ್ಲಿ ಅದೇ ಸಿನಾತ್ರಾ ಟೀವಿಯಲ್ಲಿ ಎಲ್ವಿಸ್ ಪ್ರೆಸ್ಲಿಯನ್ನ ಪಕ್ಕ ನಿಲ್ಲಿಸಿಕೊಂಡು ಹಾಡಿದ.

ಕನ್ನಡದಲ್ಲಿ ಅವನತಿಯ ದೂರು ಬಂದಾಗಲೆಲ್ಲ ಮೂರು ಆರೋಪ ಇರುತ್ತೆ. ಹಾಡೋರು ಕನ್ನಡದವರಲ್ಲ, ಟ್ಯೂನು ಕದ್ದದ್ದು, ಸಾಹಿತ್ಯ ಕೆಟ್ಟಿದೆ. ಮುಂಗಾರು ಮಳೆ ಬಂದಾಗ ಮುಂಬೈ ಗಾಯಕರ ಬಗ್ಗೆ ಎಷ್ಟು ಗಲಾಟೆ! ಸೋನು ನಿಗಮ್ ಬಾಯಲ್ಲಿ 'ಳ' ಹೇಗೆ ಬರುತ್ತೆ ಅಂತ ನಮ್ಮಪ್ಪ ಅಣಕ ಮಾಡಿ ತೋರಿಸೋರು. ಅವರ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಪಿ. ಸುಶೀಲ ವಿಜಯನಗರಂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು, ವಾಣಿ ಜಯರಾಂ ವೆಲ್ಲೂರು. ಆ ಸುವರ್ಣಯುಗದ ಹಾಡುಗಳ ಬಹುಪಾಲು ರೆಕಾರ್ಡ್ ಆಗಿದ್ದು ಮದರಾಸಿನಲ್ಲಿ, ಪಿಟೀಲು ಬಾರಿಸಿದವರು ಮದರಾಸಿನವರು. ಜಿ.ಕೆ. ವೆಂಕಟೇಶರ ಸಹಾಯಕನಾಗಿ ದುಡಿಯುತ್ತಿದ್ದ ಒಬ್ಬ ತರುಣನ ಹೆಸರು ಇಳಯರಾಜ. ಈ ದಕ್ಷಿಣದ ಗಾಯಕರು ಕನ್ನಡವನ್ನ ಶ್ರದ್ಧೆಯಿಂದ ಕಲಿತು ಹಾಡಿದರು, ನಿಜ. ಉಚ್ಚಾರಣೆಯಲ್ಲಿ ಮುಂಬೈನವರಿಗೂ ಇವರಿಗೂ ಅಂತರವಿದೆ, ಅದೂ ನಿಜ. ಆದರೆ "ನಮ್ಮವರು" ಅನ್ನೋ ಪದ ಒಳಗೆ ಯಾರನ್ನ ಬಿಡುತ್ತೆ ಅನ್ನೋದು ಎಷ್ಟು ವರ್ಷ ಕೇಳಿದ್ದೀವಿ ಅನ್ನೋದರ ಮೇಲಿದೆ.

ಟ್ಯೂನು ಕದಿಯೋದು? ನಲವತ್ತು-ಐವತ್ತರ ದಶಕದ ಎಷ್ಟೋ ಕನ್ನಡ ಸಿನಿಮಾ ಹಾಡುಗಳು ಹಿಂದಿ ಧಾಟಿಗೆ ಕನ್ನಡ ಪದ ಕೂರಿಸಿದವು. ಇಂಗ್ಲಿಷ್ ಬೆರೆಸೋದು? ಟಿ.ಪಿ. ಕೈಲಾಸಂ ಅದನ್ನ ನಮ್ಮ ರ‍್ಯಾಪರ್‌ಗಳಿಗಿಂತ ಸರಿಸುಮಾರು ನೂರು ವರ್ಷ ಮುಂಚೆ ಮಾಡಿ ಮುಗಿಸಿದ್ದರು.

ಸಾಹಿತ್ಯದ ವಿಷಯಕ್ಕೆ ಬಂದರೆ ಹಂಸಲೇಖ ಅವರನ್ನ ನೋಡಬೇಕು. ಅವರ ಬಗ್ಗೆ ಮಾತಾಡೋದು ನನಗೆ ಇಷ್ಟ, ಸ್ವಲ್ಪ ಸಹಿಸಿಕೊಳ್ಳಿ. 1987ರ ಪ್ರೇಮಲೋಕದವರೆಗೆ ಚಿತ್ರಗೀತೆಗೆ ಒಂದು ಭಾಷೆ ಇತ್ತು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಬರೆದ, ಮನೆ ಮಂದಿಯೆಲ್ಲ ಗುನುಗಬಹುದಾದ, ಇಸ್ತ್ರಿ ಹಾಕಿದ ಕನ್ನಡ. ಹಂಸಲೇಖ ಬಂದು ಕಾಲೇಜು ಕಾಂಪೌಂಡಿನ ಮಾತನ್ನೇ ಹಾಡಾಗಿಸಿದರು. ಆ ಸಿನಿಮಾದಲ್ಲಿ ಜಗಳವೂ ಹಾಡು, ಪಾಠವೂ ಹಾಡು, ಪರಿಚಯವೂ ಹಾಡು. ದೊಡ್ಡವರಿಗೆ ಅದು ಪೋಲಿತನ ಅನ್ನಿಸಿತು, ಅಕ್ಕನಂಥವರಿಗೆ ಮೊದಲ ಸಲ ತಮ್ಮ ಮಾತು ಟೇಪ್ ರೆಕಾರ್ಡರಿನಿಂದ ಬಂದಂಗಾಯಿತು. ತೊಂಬತ್ತರ ದಶಕದಲ್ಲಿ ಕೆಲವು ಹಾಡುಗಳು ದ್ವಂದ್ವಾರ್ಥಕ್ಕೆ ಇಳಿದದ್ದೂ ಉಂಟು, ಅದನ್ನ ನಾನು ಸಮರ್ಥಿಸಲ್ಲ. ಆದರೆ ಕನ್ನಡ ಹಾಡನ್ನ ಕೆಡಿಸಿದವರು ಅಂತ ಬೈಸಿಕೊಂಡ ಅದೇ ಮನುಷ್ಯ 1995ರಲ್ಲಿ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಸಿನಿಮಾಕ್ಕೆ ಹಿಂದೂಸ್ತಾನಿ ಸಂಗೀತ ಇಟ್ಟು ರಾಷ್ಟ್ರಪ್ರಶಸ್ತಿ ತಗೊಂಡರು. ಎಸ್‌ಪಿಬಿಗೂ ಅದೇ ಸಿನಿಮಾದಲ್ಲಿ ಹಾಡಿದ್ದಕ್ಕೆ ರಾಷ್ಟ್ರಪ್ರಶಸ್ತಿ. ಅಪ್ಪನಿಗೆ ಇದನ್ನ ಹೇಳಿದಾಗ "ಅದು ಬೇರೆ ಹಂಸಲೇಖ ಇರಬೇಕು" ಅಂದಿದ್ದರು. ಹಾಸ್ಯಕ್ಕೋ ನಿಜಕ್ಕೋ ಗೊತ್ತಾಗಲಿಲ್ಲ.

ಇನ್ನೊಂದು ಸಂಗತಿ ಅಪ್ಪನಿಗೂ ಒಪ್ಪಿಗೆ. ರಾಜ್‌ಕುಮಾರ್ 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದರಲ್ಲ, ಆ ಮೇಲೆ ಪಿ.ಬಿ. ಶ್ರೀನಿವಾಸ್ ನಿಧಾನಕ್ಕೆ ಹಿಂದಕ್ಕೆ ಸರಿದರು. ಅಪ್ಪನಿಗೆ ಆಗ ಇಪ್ಪತ್ತೇಳು. "ಮೊದಮೊದಲು ಒಗ್ಗಲಿಲ್ಲ ಕಣೋ, ಅಣ್ಣಾವ್ರ ಮುಖಕ್ಕೆ ಪಿಬಿಎಸ್ ದನಿಯೇ ಸರಿ ಅನ್ನಿಸೋದು. ಕೇಳ್ತಾ ಕೇಳ್ತಾ ಸರಿಹೋಯ್ತು." ಅದೇ ರಾಜ್‌ಕುಮಾರ್ ಮುಂದೆ 'ಜೀವನ ಚೈತ್ರ'ದ ಹಾಡಿಗೆ ಶ್ರೇಷ್ಠ ಗಾಯಕನ ರಾಷ್ಟ್ರಪ್ರಶಸ್ತಿ ಪಡೆದರು.

'ಕೇಳ್ತಾ ಕೇಳ್ತಾ.' ಈ ಎರಡು ಪದಗಳಿಗೆ ಮತ್ತೆ ಬರ್ತೀನಿ.

ಅದಕ್ಕೆ ಮುಂಚೆ ಅವನತಿಯ ಪಕ್ಷದವರಿಗೂ ನ್ಯಾಯ ಸಲ್ಲಬೇಕು. ಅವರ ಕೈಯಲ್ಲೂ ಸಾಕ್ಷಿ ಇದೆ. 2012ರಲ್ಲಿ ಸ್ಪೇನಿನ ಸಂಶೋಧಕರ ಒಂದು ತಂಡ 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಹಾಡುಗಳನ್ನ ಕಂಪ್ಯೂಟರಿಗೆ ಹಾಕಿ ನೋಡಿತು. ಹಾಡುಗಳ ಸದ್ದು ಜೋರಾಗ್ತಾ ಬಂದಿದೆ, ನಾದದ ವೈವಿಧ್ಯ ಕಡಿಮೆಯಾಗಿದೆ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳು ಕಿರಿದಾಗಿವೆ ಅಂತ ಬಂತು. ಪತ್ರಿಕೆಗಳಿಗೆ ಹಬ್ಬ. ಮೂರು ವರ್ಷದ ನಂತರ ಲಂಡನ್ನಿನ ಇನ್ನೊಂದು ತಂಡ 1960ರಿಂದ 2010ರವರೆಗಿನ ಅಮೆರಿಕದ 17,000 ಜನಪ್ರಿಯ ಹಾಡುಗಳನ್ನ ನೋಡಿ, ಒಂದೇ ಸಮನೆ ಇಳಿಮುಖವೇನೂ ಕಾಣ್ತಿಲ್ಲ, ಅತಿ ಏಕತಾನದ ವರ್ಷ 1986, ಆಮೇಲೆ ರ‍್ಯಾಪ್ ಬಂದು 1991ರ ಹೊತ್ತಿಗೆ ಎಲ್ಲ ಅಲುಗಾಡಿತು ಅಂದಿತು. ಯಾರು ಏನನ್ನ ಅಳೆದರು ಅನ್ನೋದರ ಮೇಲೆ ಉತ್ತರ. ಟೆಸ್ಟಿಂಗ್‌ನಲ್ಲಿ ಹದಿನೈದು ವರ್ಷ ಕಳೆದ ನನಗೆ ಇದೇನು ಹೊಸದಲ್ಲ.

ನನ್ನ ಕಿವಿಗೆ ನಿಜವಾಗಿ ನಷ್ಟ ಅನ್ಸೋದು ಒಂದಿದೆ. ಹಾಡಿನ ಮುನ್ನುಡಿ. ಪಲ್ಲವಿ ಶುರುವಾಗೋ ಮುಂಚೆ ಬರ್ತಿತ್ತಲ್ಲ, ಪಿಟೀಲುಗಳ ಗುಂಪು, ಒಂದು ಕೊಳಲು, ತಬಲಾದ ಎತ್ತುಗಡೆ. 1974ರ 'ಎರಡು ಕನಸು' ಹಾಡುಗಳಲ್ಲಿ ರಾಜನ್-ನಾಗೇಂದ್ರ ಕೊಟ್ಟ ಮುನ್ನುಡಿಗಳು, 1981ರ 'ಗೀತಾ'ದಲ್ಲಿ ಇಳಯರಾಜ ಚರಣಗಳ ನಡುವೆ ಸುರಿದ ಸಂಗೀತ. ಅವನ್ನ ಬಾರಿಸೋಕೆ ಒಂದೇ ಹಾಲಿನಲ್ಲಿ ಇಪ್ಪತ್ತು, ಮೂವತ್ತು ಜನ ಕೂರಬೇಕಿತ್ತು. ಈಗ ಒಂದು ಲ್ಯಾಪ್‌ಟಾಪ್ ಸಾಕು, ಮತ್ತು ಮುನ್ನುಡಿಗೆ ಸಮಯವೇ ಇಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಪ್ಲೇ ಅಂತ ಲೆಕ್ಕ. ಅಷ್ಟರೊಳಗೆ ಕೇಳೋನು ಬೆರಳು ಎಳೆದುಬಿಟ್ಟರೆ ಹಾಡಿದವನಿಗೆ ದುಡ್ಡಿಲ್ಲ. ಹಾಗಾಗಿ ಕೊಕ್ಕೆ ಮೊದಲು, ಹಾಡು ಆಮೇಲೆ. ಆದರೆ ಇದನ್ನ ಬರೆಯುವಾಗ ತಾತ ಹಿಂದಿನಿಂದ ನಗ್ತಾರೆ. ಅವರು ಬೈದ ಮೂರು ನಿಮಿಷವೂ ಯಾರ ರಸಿಕತೆಯಿಂದ ಬಂದದ್ದಲ್ಲ, 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಅಷ್ಟು.

ಜರಡಿಯ ಮಾತೂ ಇದೆ. 1972 ಅಂದರೆ ನಾಗರಹಾವು, ಬಂಗಾರದ ಮನುಷ್ಯ ಅಂತ ನೆನಪಾಗುತ್ತೆ. ಅದೇ ವರ್ಷ ಬಂದ ಮಿಕ್ಕ ಸಿನಿಮಾಗಳ ಹಾಡುಗಳೆಲ್ಲಿ? ಐವತ್ತು ವರ್ಷ ಜರಡಿ ಆಡಿಸಿ ಉಳಿದ ಕಾಳನ್ನ ಈ ಶುಕ್ರವಾರ ಬಂದ ರಾಶಿಯ ಪಕ್ಕ ಇಟ್ಟು, ನೋಡಿ ಎಷ್ಟು ಹೊಟ್ಟು ಅಂತೀವಿ. ಮುಂಗಾರು ಮಳೆ ಆದ ಮೇಲೆ ಎರಡು-ಮೂರು ವರ್ಷ ಬಂದ ಮಳೆ-ಕನಸು-ಹೃದಯದ ಹಾಡುಗಳನ್ನ ಈಗ ಕೇಳಿ ನೋಡಿ. ನನ್ನ ಸುವರ್ಣಯುಗದಲ್ಲಿ ಎಷ್ಟು ಹೊಟ್ಟಿತ್ತು ಅನ್ನೋದು ನನಗೇ ಮರೆತಿತ್ತು.

ಆದರೂ ನಾನು ನನ್ನ ಸಿನಿಮಾವನ್ನ ಬಿಟ್ಟುಕೊಡಲ್ಲ. ಮನೋ ಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿದವರು, ನಮ್ಮ ಕಸುಬಿನವರು. ಜಯಂತ ಕಾಯ್ಕಿಣಿ ಕತೆಗಾರರು, ಕವಿಗಳು. ಇವರಿಬ್ಬರ ಹಾಡುಗಳನ್ನ ನಾನು ಕೇಳಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಆಫೀಸು ಕ್ಯಾಬಿನ ಎಫ್‌ಎಂನಲ್ಲಿ. 2001ರ ಜುಲೈನಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದಾಗ ಅದರಲ್ಲಿ ಹಿಂದಿ, ಇಂಗ್ಲಿಷಿನದ್ದೇ ಜೋರು. 2007ರಲ್ಲಿ ಯಾವ ಸ್ಟೇಷನ್ ತಿರುಗಿಸಿದರೂ ಅದೇ ಮಳೆ. ಪುಣೆಯವನು, ಚೆನ್ನೈಯವಳು, ಆನೇಕಲ್ಲಿನ ನಾನು, ಮಾಗಡಿಯ ಡ್ರೈವರಣ್ಣ, ನಾಲ್ವರೂ ಗುನುಗ್ತಿದ್ವಿ. ಕನ್ನಡ ಬಾರದವನು ಕ್ಯಾಬಿನಲ್ಲಿ ಕನ್ನಡ ಹಾಡಿನ ಅರ್ಥ ಕೇಳಿದ್ದು ನನ್ನ ಅನುಭವದಲ್ಲಿ ಅದೇ ಮೊದಲು. ಹಾಡು ಚೆನ್ನಾಗಿದ್ದದ್ದಕ್ಕೆ ಅಷ್ಟು ನೆನಪಿದೆಯಾ, ಇಪ್ಪತ್ತಮೂರು ವರ್ಷವಾಗಿದ್ದಕ್ಕಾ, ಕ್ಯಾಬಿನಲ್ಲಿ ನಾಲ್ವರಿದ್ದದ್ದಕ್ಕಾ, ಬಿಡಿಸಿ ಹೇಳೋಕೆ ಬರಲ್ಲ.

ನನ್ನ ವಾದ ಇರೋದು ಈ ಮೂರನೆಯದರಲ್ಲಿ.

ರಾಬರ್ಟ್ ಝಯಾಂಕ್ ಎಂಬ ಮನಃಶಾಸ್ತ್ರಜ್ಞ 1968ರಲ್ಲಿ ತೋರಿಸಿದ್ದು ಬಹಳ ಸರಳ: ಒಂದು ವಸ್ತುವನ್ನ ಮತ್ತೆ ಮತ್ತೆ ಕಂಡರೆ, ಬೇರೆ ಕಾರಣವಿಲ್ಲದೆಯೂ ಅದು ಇಷ್ಟವಾಗ್ತಾ ಹೋಗುತ್ತೆ. ಅಪ್ಪ ಹೇಳಿದ 'ಕೇಳ್ತಾ ಕೇಳ್ತಾ' ಅಂದರೆ ಇದೇ. ಅಪ್ಪನ ಕಾಲದಲ್ಲಿ ಕೇಳೋದು ಬಿಡೋದು ಅವರ ಕೈಯಲ್ಲಿರಲಿಲ್ಲ. ಮನೆಗೊಂದು ರೇಡಿಯೊ, ಬೀದಿಗೊಂದು ಗಣೇಶನ ಪೆಂಡಾಲು, ಕರಗಕ್ಕೊಂದು ಆರ್ಕೆಸ್ಟ್ರಾ. ಆನೇಕಲ್-ಚಂದಾಪುರದ ಪ್ರೈವೇಟ್ ಬಸ್ಸು ಹತ್ತಿದರೆ ಡ್ರೈವರ್ ಹಾಕಿದ್ದೇ ಹಾಡು. ರಾಜ್‌ಕುಮಾರ್ ಆದ ಮೇಲೆ ಚಿರಂಜೀವಿ, ಅತ್ತಿಬೆಲೆ ಕಡೆಯ ಬಸ್ಸಾದರೆ ಹೊಸೂರಿನ ಗಾಳಿ, ಇಳಯರಾಜ ಗ್ಯಾರಂಟಿ. ಫ್ಯಾಕ್ಟರಿ ಪಾಳಿ ಮುಗಿಸಿದ ಐವತ್ತರ ಮನುಷ್ಯನೂ ಕಾಲೇಜು ಹುಡುಗಿಯೂ ಒಂದೇ ಹಾಡನ್ನ, ಇಷ್ಟವಿರಲಿ ಇಲ್ಲದಿರಲಿ, ದಿನಾ ಕೇಳಲೇಬೇಕಿತ್ತು. ಕ್ಯಾಸೆಟ್ ಅಳಿಸಿದ್ದರಿಂದ ಅಪ್ಪ ಪ್ರೇಮಲೋಕದಿಂದ ತಪ್ಪಿಸಿಕೊಳ್ಳಲಿಲ್ಲ. ಊರೆಲ್ಲ ಅದೇ ಇತ್ತು. ಬಿ ಸೈಡಿನ ಕೊನೆಯಲ್ಲೂ ಇತ್ತು. 1996ರಲ್ಲಿ ಅಕ್ಕನ ಮದುವೆ ಚಪ್ಪರ ಕಟ್ಟುವಾಗ ಅಪ್ಪ ಪ್ರೇಮಲೋಕದ ಹಾಡು ಗುನುಗ್ತಾ ಹಗ್ಗ ಬಿಗೀತಿದ್ದದ್ದನ್ನ ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ ಈಗಲೂ ಒಪ್ಪಲ್ಲ.

ವಯಸ್ಸಾದ ಕಿವಿ ಆಗಲೂ ಮುಚ್ಚಿಕೊಳ್ಳುತ್ತಿತ್ತು. ಆದರೆ ಬಸ್ಸು ಅದನ್ನ ಬಲವಂತವಾಗಿ ತೆರೀತಿತ್ತು. ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊದಲ್ಲಿ ಬೊಮ್ಮಸಂದ್ರದಲ್ಲಿ ಹತ್ತಿ ಒಮ್ಮೆ ಸುತ್ತ ನೋಡಿ. ಬೋಗಿಯ ತುಂಬ ಜನ, ಎಲ್ಲರ ಕಿವಿಯಲ್ಲೂ ಏನೋ ಒಂದು, ಯಾರದ್ದು ಯಾರಿಗೂ ಕೇಳಲ್ಲ. ನನ್ನ ಆ್ಯಪ್ ನನಗೆ 2007ನ್ನೇ ಮತ್ತೆ ಮತ್ತೆ ಬಡಿಸುತ್ತೆ, ಏಕೆಂದರೆ ನಾನು ಅದನ್ನೇ ಒತ್ತೋದು. ಹೊಸ ಹಾಡು ನನ್ನ ಕಿವಿಗೆ ಬೀಳೋದು ಮದುವೆಮನೆಯ ಡಿಜೆಯಲ್ಲಿ, ರೀಲ್ಸಿನಲ್ಲಿ, ಅಂದರೆ ಅತಿ ಗದ್ದಲದ್ದು, ಅತಿ ಚಿಕ್ಕ ಚೂರು. ಅಷ್ಟರ ಮೇಲೆ ನಾನು ತೀರ್ಪು ಕೊಡ್ತೀನಿ. ಅಪ್ಪ ಪ್ರೇಮಲೋಕವನ್ನ ನೂರು ಸಲ ಕೇಳಿ ಬೈದಿದ್ದರು. ನಾನು ಒಂದು ಸಲವೂ ಕೇಳದೆ ಬೈದೆ.

ಆ ಮೀಟಿಂಗಿನ ರಾತ್ರಿ ವಿಜಯಪುರದ ಹುಡುಗಿಗೆ ಮೆಸೇಜ್ ಹಾಕಿದೆ, ಪಟ್ಟಿಯನ್ನ ಒಂದು ವಾರ ಮುಟ್ಟಬೇಡ ಅಂತ. ಆರು ಹಾಡನ್ನೂ ಪೂರ್ತಿ, ತಲಾ ಮೂರು ಸಲ ಕೇಳಬೇಕು ಅಂತ ನಾನೇ ನಿಯಮ ಮಾಡಿಕೊಂಡೆ. ಚರಣ್ ರಾಜ್ ಸಂಗೀತದ 'ಸಪ್ತ ಸಾಗರದಾಚೆ ಎಲ್ಲೋ' ಹಾಡುಗಳು ಎರಡನೇ ಸಲಕ್ಕೇ ಒಳಗೆ ಬಂದವು. ನಾನು ಕಳೆದುಹೋಗಿದೆ ಅಂತಿದ್ದ ನಿಧಾನ ಅಲ್ಲಿ ಹಾಗೇ ಇತ್ತು. ಟಗರಿನದ್ದು ಮೂರನೇ ಸಲಕ್ಕೆ. ರ‍್ಯಾಪ್ ಎರಡೂ ಮೂರು ಸಲ ಕೇಳಿದರೂ ಹಿಡಿಸಲಿಲ್ಲ, ಹಾಡು ಕೆಟ್ಟದ್ದಕ್ಕಾ ಕಿವಿ ಕೆಟ್ಟದ್ದಕ್ಕಾ ಅಂತ ಹೇಳುವ ಸ್ಥಿತಿಯಲ್ಲಿ ನಾನೀಗ ಇಲ್ಲ, ಹಾಗಾಗಿ ಹಸಿರು ಬಳಿದೆ. ಯೂಟ್ಯೂಬಿನ ಆ ಜನಪದ ಮೊದಲ ಸಲ ಪೂರಾ ಗದ್ದಲ ಅನ್ನಿಸಿತ್ತು, ಅರ್ಧ ಪದ ಅರ್ಥವೇ ಆಗಿರಲಿಲ್ಲ. ಅವಳನ್ನ ಕೇಳಿ ಅರ್ಥ ತಿಳಿದುಕೊಂಡೆ. ಆನೇಕಲ್ಲಿನ ತೆಲುಗು ಬೆರೆತ, ತಮಿಳು ತಾಗಿದ ಕನ್ನಡ ಮಾತಾಡೋ ನಾನು ಅವಳ ಕನ್ನಡಕ್ಕೆ ಸ್ಟ್ಯಾಂಡರ್ಡ್ ಹೇಳೋಕೆ ಹೋಗಿದ್ದೆ.

ನವೆಂಬರ್‌ನಲ್ಲಿ ಕಾರ್ಯಕ್ರಮ ಆಯ್ತು. ಮನೆಗೆ ಬಂದು ಟೀವಿಗೆ ಫೋನ್ ಸಿಕ್ಕಿಸಿ ವಿಡಿಯೊ ಹಾಕಿದೆ. ಅಕ್ಕನೂ ಬಂದಿದ್ದಳು. ಜನಪದದ ಹಾಡು ಬಂದಾಗ ಮಗಳು ತಲೆ ಎತ್ತಿ ಇಯರ್‌ಫೋನ್ ಒಂದು ಕಡೆ ತೆಗೆದಳು.

"ಯಾವ ಸಿನಿಮಾದ್ದೋ ಇದು?" ಅಂದ್ರು ಅಪ್ಪ.

"ಸಿನಿಮಾದ್ದಲ್ಲಪ್ಪ."

"ಸಿನಿಮಾದ್ದಲ್ಲ ಅಂದ್ರೆ ಇನ್ನೇನು, ರೇಡಿಯೊದ್ದಾ?"

"ರೇಡಿಯೊದ್ದೂ ಅಲ್ಲ. ಯೂಟ್ಯೂಬಿಂದು."

ಅಪ್ಪ ಸ್ವಲ್ಪ ಹೊತ್ತು ಕೇಳಿದ್ರು. "ಇನ್ನೊಂದ್ಸಲ ಹಾಕು, ಮಾತು ಸರಿಯಾಗಿ ಹಿಡೀಲಿಲ್ಲ" ಅಂದ್ರು.

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಹಾಕು ಹಾಕು. ಅದಕ್ಕೆ ಮುಂಚೆ ನನ್ನ ಕ್ಯಾಸೆಟ್ಟಿನ ದುಡ್ಡು ಬಡ್ಡಿ ಸಮೇತ ಕೊಡೋಕೆ ಹೇಳು!"